ಬೋನ್ ಮ್ಯಾರೋ ಕಸಿ ಆದ ಮೇಲೆ ಕಿಡ್ನಿಯ ಲೆಕ್ಕ ಇಡುವುದು ಹೇಗೆ

ತಮ್ಮನಿಗೆ ಕಸಿಯಾಗಿ ಎರಡು ತಿಂಗಳಾಗಿತ್ತು. ಮಜ್ಜೆ ಕೊಟ್ಟವಳು ನಾನೇ. ಹಾಗಾಗಿ ಅವನ ಪ್ರತಿ ರಿಪೋರ್ಟನ್ನೂ ನನ್ನದೇ ಅಂಕಪಟ್ಟಿ ಎನ್ನುವ ಹಾಗೆ ಓದುತ್ತಿದ್ದೆ. ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ಆ ದಿನ 1.1. ಪಕ್ಕದಲ್ಲಿ ದಪ್ಪ ಅಕ್ಷರ ಇಲ್ಲ, ಚುಕ್ಕೆ ಗುರುತು ಇಲ್ಲ. ಲ್ಯಾಬ್ ಪ್ರಕಾರ ಎಲ್ಲ ನಾರ್ಮಲ್. ಸದ್ಯ ಅಂದುಕೊಂಡೆ. ಫೈಲ್ ಜೋಡಿಸುತ್ತಿದ್ದ ನರ್ಸ್ ಮಾತ್ರ ಹಳೆಯ ಹಾಳೆಯೊಂದನ್ನು ಎಳೆದು ಪಕ್ಕಕ್ಕಿಟ್ಟರು. "ಕಸಿಗೆ ಮುಂಚೆ ಇವರದ್ದು 0.6 ಇತ್ತಲ್ವಾ?" ಅಂದರು.

ಅಂದರೆ ಹತ್ತಿರ ಹತ್ತಿರ ಎರಡರಷ್ಟು. ಲ್ಯಾಬ್‌ಗೆ ಅದು ಯಾರದ್ದೋ ಒಂದು ನಾರ್ಮಲ್ ಸಂಖ್ಯೆ. ನನ್ನ ತಮ್ಮನ ಕಿಡ್ನಿಗೆ ಅದು ಪೆಟ್ಟು.

ಕಸಿಯ ನಂತರ ಎಲ್ಲರ ಗಮನವೂ ರಕ್ತಕಣಗಳ ಮೇಲೆ. ಬಿಳಿಕಣ ಎಷ್ಟು, ಪ್ಲೇಟ್‌ಲೆಟ್ ಎಷ್ಟು, ಜ್ವರ ಬಂತಾ. ಕಿಡ್ನಿ ನೋವು ಕೊಡುವುದಿಲ್ಲ, ಅದಕ್ಕೇ ಅದರ ಮಾತು ಕೊನೆಗೆ ಬರುತ್ತದೆ. ಆದರೆ ಕಸಿ ಗೆದ್ದು ಬಂದವರಲ್ಲಿ ನೂರಕ್ಕೆ ಸುಮಾರು 15ರಿಂದ 20 ಜನರಿಗೆ ಮುಂದೆ ದೀರ್ಘಕಾಲದ ಕಿಡ್ನಿ ತೊಂದರೆ ಕಾಣಿಸಿಕೊಳ್ಳುತ್ತದೆ. ಬೇಗ ಗೊತ್ತಾದರೆ ತಡೆಯಲು, ಕೊನೇಪಕ್ಷ ನಿಧಾನ ಮಾಡಲು ದಾರಿ ಇದೆ. ಆ 'ಬೇಗ' ಎನ್ನುವುದು ಹೆಚ್ಚಾಗಿ ಮನೆಯವರ ಕೈಯಲ್ಲಿದೆ. ಡೋಸ್ ಬದಲಿಸುವುದು ವೈದ್ಯರ ಕೆಲಸ, ಲೆಕ್ಕ ಇಡುವುದು ನಮ್ಮದು. ಇಲ್ಲಿ ಬರೆದಿರುವುದೆಲ್ಲ ಆ ಲೆಕ್ಕದ ವಿಷಯ.

ಹೆಜ್ಜೆ 1: ಹಳೆಯ ಸಂಖ್ಯೆ ಹುಡುಕಿ, ಮೊದಲ ಪುಟದಲ್ಲಿ ಬರೆಯಿರಿ

ಒಂದು ಸಾದಾ ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಕಸಿಗೆ ಮುಂಚಿನ, ಅಂದರೆ ಕಸಿಯ ಕೀಮೋ ಶುರುವಾಗುವುದಕ್ಕೆ ಮೊದಲಿನ ಐದು ಸಂಖ್ಯೆ ಬರೆದಿಡಿ. ಕ್ರಿಯಾಟಿನಿನ್, ಇಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬ ಅಂದಾಜು), ಮೂತ್ರದಲ್ಲಿ ಪ್ರೋಟೀನ್ ಇತ್ತೋ ಇಲ್ಲವೋ, ಬಿಪಿ, ತೂಕ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಲ್ಲದಿದ್ದರೆ ಕೇಳಿ ಪಡೆಯಿರಿ. ಕಸಿಗೆ ಮುಂಚೆ ಈ ಪರೀಕ್ಷೆಗಳನ್ನು ಮಾಡಿಯೇ ಇರುತ್ತಾರೆ.

ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ದಿನವೂ ಹುಟ್ಟುವ ಕಸ. ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಸೋತರೆ ರಕ್ತದಲ್ಲಿ ಅದು ಏರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಇಲ್ಲೊಂದು ಮೋಸ ಇದೆ ನೋಡಿ. ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿ, ಊಟ ಸೇರದೆ, ಸ್ಟೀರಾಯ್ಡ್ ತೆಗೆದುಕೊಂಡವರ ಸ್ನಾಯು ಕರಗಿರುತ್ತದೆ. ತೋಳು, ತೊಡೆ ನೋಡಿದರೇ ತಿಳಿಯುತ್ತದೆ. ಸ್ನಾಯು ಕಡಿಮೆಯಾದರೆ ಕಸವೂ ಕಡಿಮೆ. ಹಾಗಾಗಿ ಕಿಡ್ನಿ ಅರ್ಧ ಕೆಲಸ ಮಾಡುತ್ತಿದ್ದರೂ ಕ್ರಿಯಾಟಿನಿನ್ ನೋಡಲು ಚೆನ್ನಾಗಿಯೇ ಇರಬಹುದು. ಅನುಮಾನ ಬಂದರೆ ವೈದ್ಯರು ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಬರೆಯುತ್ತಾರೆ. ಅದಕ್ಕೆ ಸ್ನಾಯುವಿನ ಹಂಗು ಅಷ್ಟಾಗಿ ಇಲ್ಲ. ಆದರೆ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಅದೂ ಸುಮ್ನೆ ಏರಿ ಕೂರುತ್ತದೆ. ಒಂದೇ ಸಂಖ್ಯೆಯನ್ನು ನಂಬಿ ಕೂರುವ ಹಾಗಿಲ್ಲ ಎಂದು ಹೇಳುವುದು ಇದಕ್ಕೇ.

ನೆನಪಿಡಲು ಎರಡು ಅಳತೆ ಸಾಕು. ಎರಡು ದಿನದೊಳಗೆ ಕ್ರಿಯಾಟಿನಿನ್ 0.3 ಏರಿದರೆ ಅಥವಾ ಒಂದು ವಾರದೊಳಗೆ ಒಂದೂವರೆ ಪಟ್ಟಾದರೆ ವೈದ್ಯರು ಅದನ್ನು ಕಿಡ್ನಿಗೆ ಬಿದ್ದ ಹಠಾತ್ ಪೆಟ್ಟು ಎಂದು ಲೆಕ್ಕ ಹಾಕುತ್ತಾರೆ. ಇಜಿಎಫ್‌ಆರ್ 60ಕ್ಕಿಂತ ಕೆಳಗಿಳಿದು ಮೂರು ತಿಂಗಳು ಅಲ್ಲೇ ಉಳಿದರೆ ಅದು ದೀರ್ಘಕಾಲದ ತೊಂದರೆ. ಲ್ಯಾಬ್‌ನ ನಾರ್ಮಲ್ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ನಿಮ್ಮ ಮೊದಲ ಪುಟಕ್ಕೆ ಹೋಲಿಸಿ ನೋಡಿ.

ಹೆಜ್ಜೆ 2: ಪೆಟ್ಟು ಯಾವಾಗ, ಎಲ್ಲಿಂದ ಬರುತ್ತದೆ ತಿಳಿದಿರಿ

ಮೊದಲ ಮೂರು ವಾರ ಆಸ್ಪತ್ರೆಯಲ್ಲೇ ಇರುತ್ತೀರಿ. ಕೀಮೋ, ಬಾಯಿಹುಣ್ಣು, ವಾಂತಿ, ಭೇದಿ, ಸೋಂಕು. ಸೋಂಕಿಗೆ ಕೊಡುವ ಔಷಧಿಗಳಲ್ಲೂ ಕೆಲವು ಕಿಡ್ನಿಗೆ ಭಾರ. ವ್ಯಾಂಕೊಮೈಸಿನ್, ಅಮಿಕಾಸಿನ್, ಫಂಗಸ್‌ಗೆ ಕೊಡುವ ಆಂಫೊಟೆರಿಸಿನ್ ಆ ಸಾಲಿನವು. ಬೇರೆ ದಾರಿ ಇಲ್ಲದಾಗ ಕೊಡಲೇಬೇಕು. ಲಿವರ್‌ನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುವ ತೊಂದರೆಯೂ ಹೆಚ್ಚಾಗಿ ಈ ಅವಧಿಯಲ್ಲೇ ಬರುತ್ತದೆ. ತೂಕ ದಿಢೀರ್ ಏರುತ್ತದೆ, ಬಲಗಡೆ ಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿ. ಲಿವರ್ ಜೊತೆ ಕಿಡ್ನಿಯೂ ಜಗ್ಗುತ್ತದೆ. ಈ ಹಂತದಲ್ಲಿ ನೋಡಿಕೊಳ್ಳಲು ಸುತ್ತ ಜನ ಇರುತ್ತಾರೆ.

ಕಷ್ಟ ಇರುವುದು ಮನೆಗೆ ಬಂದ ಮೇಲೆ, ಸುಮಾರು 100ನೇ ದಿನದವರೆಗೆ. ದಾನಿಯಿಂದ ಮಜ್ಜೆ ಪಡೆದವರಾದರೆ ಇಮ್ಯೂನ್ ತಗ್ಗಿಸುವ ಮಾತ್ರೆ, ಟ್ಯಾಕ್ರೊಲಿಮಸ್ ಅಥವಾ ಸೈಕ್ಲೊಸ್ಪೊರಿನ್, ನಡೆಯುತ್ತಿರುತ್ತದೆ. ಬಿಕೆ ಎಂಬ ವೈರಸ್ ತಲೆ ಎತ್ತುವುದೂ ಈಗಲೇ. ನಮ್ಮಲ್ಲಿ ಬಹಳಷ್ಟು ಜನರ ದೇಹದಲ್ಲಿ ಅದು ಚಿಕ್ಕಂದಿನಿಂದಲೇ ತೆಪ್ಪಗೆ ಮಲಗಿರುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದಾಗ ಎದ್ದು ಮೂತ್ರಕೋಶಕ್ಕೆ ಕೈಹಾಕುತ್ತದೆ. ಉರಿಮೂತ್ರ, ರಕ್ತ, ಕೆಲವೊಮ್ಮೆ ಗಡ್ಡೆಗಟ್ಟಿದ ರಕ್ತ. ಇನ್ನೊಂದು ಅಪಾಯ ಕಿಡ್ನಿಯ ಸಣ್ಣ ರಕ್ತನಾಳಗಳ ಒಳಪದರ ಗಾಯವಾಗುವುದು. ಇದನ್ನು ಆಸ್ಪತ್ರೆಯಲ್ಲಿ ಟಿಎಂಎ ಎನ್ನುತ್ತಾರೆ. ಪ್ಲೇಟ್‌ಲೆಟ್ ಏರುತ್ತಿದ್ದದ್ದು ಮತ್ತೆ ಇಳಿಯುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ, ಕಣಗಳು ಒಡೆದಾಗ ರಕ್ತಕ್ಕೆ ಬರುವ ಎಲ್‌ಡಿಎಚ್ ಏರುತ್ತದೆ, ಬಿಪಿ ಮಾತು ಕೇಳುವುದಿಲ್ಲ, ಮೂತ್ರದಲ್ಲಿ ಪ್ರೋಟೀನ್ ಬರುತ್ತದೆ. ಇವೆಲ್ಲ ಬೇರೆ ಬೇರೆ ಪುಟಗಳಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಪುಟದಲ್ಲಿ ಸಾಲಾಗಿ ಬರೆದಿದ್ದರೆ ಎದ್ದು ಕಾಣುತ್ತದೆ.

ಆರು ತಿಂಗಳ ನಂತರದ ಕಥೆ ಬೇರೆ. ಮೈಗೆಲ್ಲ ರೇಡಿಯೇಶನ್ ತೆಗೆದುಕೊಂಡಿದ್ದರೆ ಅದರ ಪರಿಣಾಮ ಕಿಡ್ನಿಯಲ್ಲಿ ನಿಧಾನವಾಗಿ ಕಾಣುತ್ತದೆ. ದಾನಿಯ ಕಣಗಳು ನಮ್ಮ ದೇಹದ ಮೇಲೇ ತಿರುಗಿ ಬೀಳುವ ಜಿವಿಎಚ್‌ಡಿ ಇದ್ದವರಲ್ಲಿ, ಅದರಲ್ಲೂ ಇಮ್ಯೂನ್ ತಗ್ಗಿಸುವ ಮಾತ್ರೆ ಕಡಿಮೆ ಮಾಡುತ್ತಿರುವಾಗ, ಮೂತ್ರದಲ್ಲಿ ಪ್ರೋಟೀನ್ ಸೋರಲು ಶುರುವಾಗಬಹುದು.

ತಮ್ಮದೇ ಕಣಗಳನ್ನು ವಾಪಸ್ ಪಡೆದವರಿಗೆ ಟ್ಯಾಕ್ರೊಲಿಮಸ್ ಗೋಜಿಲ್ಲ, ಜಿವಿಎಚ್‌ಡಿಯೂ ಸಾಮಾನ್ಯವಾಗಿ ಇಲ್ಲ. ಅವರಿಗೆ ಅಪಾಯ ಕಡಿಮೆ. ಆದರೆ ಅವರಲ್ಲಿ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇದ್ದವರೇ ಜಾಸ್ತಿ, ಮೈಲೋಮಾ ಬಹಳ ಸಲ ಕಿಡ್ನಿಯನ್ನು ಮೊದಲೇ ಹಿಂಡಿರುತ್ತದೆ. ಅವರ ಮೊದಲ ಪುಟದ ಸಂಖ್ಯೆಯೇ ಬೇರೆ.

ಹೆಜ್ಜೆ 3: ಬೆಳಗಿನ ಹತ್ತು ನಿಮಿಷ

ಎದ್ದು ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮುಂಚೆ ತೂಕ ನೋಡಿ. ಅದೇ ತಕ್ಕಡಿ, ಅಷ್ಟೇ ಬಟ್ಟೆ. ಒಂದೇ ದಿನದಲ್ಲಿ ಒಂದು ಕಿಲೋ ಏರಿದರೆ ಅದು ಮೈಗೂಡಿದ್ದಲ್ಲ, ನೀರು. ಒಂದು ಕಿಲೋ ಇಳಿದರೂ ಬಹಳ ಸಲ ನೀರೇ, ಮೈ ಒಣಗುತ್ತಿದೆ ಎಂದರ್ಥ. ಎರಡನ್ನೂ ಫೋನ್ ಮಾಡಿ ತಿಳಿಸಿ.

ನಂತರ ಬಿಪಿ. ಮನೆಯ ಮಿಷನ್ ಸರಿಯಾಗಿ ಬಳಸದಿದ್ದರೆ ಲೆಕ್ಕವೆಲ್ಲ ಕೆಟ್ಟುಹೋಗುತ್ತದೆ. ಐದು ನಿಮಿಷ ಸುಮ್ಮನೆ ಕೂತಿರಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಹಿಂದಿನ ಅರ್ಧ ಗಂಟೆ ಕಾಫಿ, ಟೀ ಇಲ್ಲ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆಯಿರಿ. ಪಿಕ್ ಲೈನ್ (ಔಷಧಿಗಾಗಿ ತೋಳಿನ ರಕ್ತನಾಳದಲ್ಲಿ ಇಟ್ಟ ಉದ್ದ ನಳಿಕೆ) ಹಾಕಿರುವ ಕೈಗೆ ಬಿಪಿ ಪಟ್ಟಿ ಕಟ್ಟಬೇಡಿ. ಇನ್ನೊಂದು, ತೋಳು ಸಣ್ಣಗಾಗಿದ್ದರೆ ಹಳೆಯ ಪಟ್ಟಿ ಸಡಿಲವಾಗುತ್ತದೆ. ಪಟ್ಟಿ ದೊಡ್ಡದಾದಷ್ಟೂ ಬಿಪಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ನಾವು ಮೂರು ವಾರ ಹೀಗೇ ಮೋಸಹೋದೆವು. ಸಣ್ಣ ಪಟ್ಟಿ ತಂದ ದಿನ ಬಿಪಿ ಹನ್ನೆರಡು ಅಂಕ ಜಾಸ್ತಿ ಬಂತು. ಮಿಷನ್ ಕೆಟ್ಟಿದೆ ಎಂದು ತಮ್ಮ ವಾದಕ್ಕೆ ನಿಂತ.

ಕಿಡ್ನಿ ಉಳಿಸಿಕೊಳ್ಳಲು ವೈದ್ಯರು ಸಾಮಾನ್ಯವಾಗಿ 130/80ಕ್ಕಿಂತ ಕೆಳಗೆ ಇರಲಿ ಎನ್ನುತ್ತಾರೆ. ನಿಮ್ಮ ಗುರಿ ಎಷ್ಟೆಂದು ಕೇಳಿ ಮೊದಲ ಪುಟದಲ್ಲೇ ಬರೆದುಕೊಳ್ಳಿ. ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್, ಸ್ಟೀರಾಯ್ಡ್ ಮೂರೂ ಬಿಪಿ ಏರಿಸುತ್ತವೆ. ಹಾಗಾಗಿ ಇದುವರೆಗೆ ಬಿಪಿಯೇ ಇಲ್ಲದ ಇಪ್ಪತ್ತರ ಹುಡುಗನಿಗೂ ಬಿಪಿ ಮಾತ್ರೆ ಬೀಳಬಹುದು. ಗಾಬರಿ ಬೇಡ. ಆದರೆ ಬಿಪಿ ಏರಿದ್ದು, ಜೊತೆಗೆ ಜೋರು ತಲೆನೋವು, ಕಣ್ಣು ಮಂಜಾಗುವುದು, ಗೊಂದಲ, ಫಿಟ್ಸ್ ಇದ್ದರೆ ಅದು ತುರ್ತು. ತಕ್ಷಣ ಆಸ್ಪತ್ರೆ.

ಮೂರನೆಯದು ಮೂತ್ರ. ಬಣ್ಣ ನೋಡಿ. ತಿಳಿಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲದು, ಕೆಂಪು ಅಥವಾ ಕೋಲಾ ಬಣ್ಣವಾದರೆ ಫೋನ್. ನೊರೆ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಎತ್ತರದಿಂದ ಬಿದ್ದರೆ ಯಾರ ಮೂತ್ರದಲ್ಲೂ ನೊರೆ ಬರುತ್ತದೆ. ದಿನಾ ಬರುತ್ತಿದೆ, ಐದು ನಿಮಿಷ ಬಿಟ್ಟರೂ ಕರಗುತ್ತಿಲ್ಲ, ಒಮ್ಮೆ ಫ್ಲಶ್ ಮಾಡಿದರೂ ಹೋಗುತ್ತಿಲ್ಲ ಎಂದರೆ ಪ್ರೋಟೀನ್ ಸೋರುತ್ತಿರಬಹುದು. ಆಗ ಮೊಣಕಾಲ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಐದು ಸೆಕೆಂಡ್ ಒತ್ತಿ ತೆಗೆಯಿರಿ. ಗುಳಿ ಹಾಗೇ ನಿಂತರೆ ಬಾವು. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿದ್ದರೂ ಅದೇ ಅರ್ಥ. ಅಮ್ಲೊಡಿಪಿನ್ ಎಂಬ ಬಿಪಿ ಮಾತ್ರೆಯಿಂದಲೂ ಪಾದ ಊದುತ್ತದೆ. ಅದಕ್ಕೇ ಬಾವು ಯಾವತ್ತು ಶುರುವಾಯಿತು, ಆ ಮಾತ್ರೆ ಯಾವತ್ತು ಶುರುವಾಯಿತು ಎರಡನ್ನೂ ಬರೆದಿಟ್ಟುಕೊಂಡರೆ ವೈದ್ಯರ ಕೆಲಸ ಅರ್ಧ ಮುಗಿಯುತ್ತದೆ.

ಹೆಜ್ಜೆ 4: ನೀರು ಎಷ್ಟು ಎಂದು ಸಂಖ್ಯೆಯಲ್ಲೇ ಕೇಳಿ

'ಚೆನ್ನಾಗಿ ನೀರು ಕುಡಿಯಿರಿ' ಎಂಬ ಸಲಹೆ ಯಾವ ಕೆಲಸಕ್ಕೂ ಬರುವುದಿಲ್ಲ. ದಿನಕ್ಕೆ ಎಷ್ಟು ಲೀಟರ್ ಎಂದು ಕೇಳಿ. ಬಹಳಷ್ಟು ದೊಡ್ಡವರಿಗೆ ಎರಡರಿಂದ ಮೂರು ಲೀಟರ್ ಹೇಳುತ್ತಾರೆ. ಹೃದಯ, ಶ್ವಾಸಕೋಶ ಅಥವಾ ಲಿವರ್ ತೊಂದರೆ ಇದ್ದರೆ, ಮೈಯಲ್ಲಿ ಬಾವು ಇದ್ದರೆ ಇಷ್ಟು ಕುಡಿಯುವುದೇ ಅಪಾಯ. ಮಕ್ಕಳಿಗೆ ತೂಕದ ಮೇಲೆ ಲೆಕ್ಕ. ನಿಮ್ಮ ಸಂಖ್ಯೆ ನಿಮ್ಮದೇ.

ಕಸಿಯಾದವರಿಗೆ ನೀರಿನ ರುಚಿಯೇ ಕೆಟ್ಟಿರುತ್ತದೆ. ಲೋಹ ನೆಕ್ಕಿದ ಹಾಗೆ ಅನ್ನುತ್ತಿದ್ದ ತಮ್ಮ. ಲೋಟ ತುಂಬಿ ಕೊಟ್ಟರೆ ಮುಖ ತಿರುಗಿಸುತ್ತಿದ್ದ. ಕೊನೆಗೆ ಒಂದು ಲೀಟರ್ ಬಾಟಲಿಗೆ ನಾಲ್ಕು ಕಡೆ ಟೇಪ್ ಅಂಟಿಸಿ ಸಮಯ ಬರೆದೆ. ಹತ್ತು ಗಂಟೆಗೆ ಇಲ್ಲಿ, ಹನ್ನೆರಡಕ್ಕೆ ಇಲ್ಲಿ. ಅರ್ಧ ಗಂಟೆಗೆ ನಾಲ್ಕು ಗುಟುಕು. ತಣ್ಣಗಿದ್ದರೆ ಕೆಲವರಿಗೆ ಸಲೀಸು. ಕುದಿಸಿ ಆರಿಸಿದ ನೀರೇ ಇರಲಿ. ಬಾಯಿಂದ ಗುರಿ ಮುಟ್ಟಲು ಆಗುತ್ತಲೇ ಇಲ್ಲ ಎಂದರೆ ಮುಚ್ಚಿಡಬೇಡಿ. ಡೇಕೇರ್‌ನಲ್ಲಿ ಎರಡು ಮೂರು ಗಂಟೆ ಡ್ರಿಪ್ ಹಾಕಿ ಕಳಿಸುತ್ತಾರೆ, ಅಷ್ಟರಲ್ಲೇ ಕ್ರಿಯಾಟಿನಿನ್ ಇಳಿದದ್ದನ್ನು ನಾನು ಎರಡು ಸಲ ನೋಡಿದ್ದೇನೆ.

ನೀರಿಗೆ ಇನ್ನೊಂದು ಕಾರಣವೂ ಇದೆ. ವೈರಸ್ ತಡೆಯಲು ಕೊಡುವ ಅಸೈಕ್ಲೊವಿರ್, ಮೈ ಒಣಗಿದ್ದಾಗ ಜಾಸ್ತಿ ಡೋಸ್ ಹೋದರೆ, ಕಿಡ್ನಿಯ ಸಣ್ಣ ಕೊಳವೆಗಳಲ್ಲಿ ಹರಳುಗಟ್ಟಬಹುದು.

ಹೆಜ್ಜೆ 5: ಟ್ಯಾಕ್ರೊಲಿಮಸ್ ದಿನಚರಿ

ಈ ಭಾಗ ಉದ್ದ. ಬೇಕೆಂತಲೇ.

ದಾನಿಯ ಕಣಗಳು ನಮ್ಮ ಮೈಮೇಲೆ ಬೀಳದಂತೆ ತಡೆಯುವುದು ಈ ಮಾತ್ರೆ. ಕಿಡ್ನಿಯೊಳಗೆ ರಕ್ತ ತರುವ ಸಣ್ಣ ನಾಳಗಳನ್ನು ಬಿಗಿಗೊಳಿಸುವುದೂ ಇದೇ ಮಾತ್ರೆ. ಜಾಸ್ತಿಯಾದರೆ ಕಿಡ್ನಿಗೆ ರಕ್ತ ಸಾಲದು, ಕಡಿಮೆಯಾದರೆ ಜಿವಿಎಚ್‌ಡಿ. ಸೈಕ್ಲೊಸ್ಪೊರಿನ್ ಕಥೆಯೂ ಹೀಗೇ. ಅದಕ್ಕೇ ರಕ್ತದಲ್ಲಿ ಎಷ್ಟಿದೆ ಎಂದು ಪದೇ ಪದೇ ನೋಡುತ್ತಾರೆ. ಆ ಲೆವೆಲ್ ಎಷ್ಟಿರಬೇಕು ಎಂಬುದು ಕಸಿಯಾಗಿ ಎಷ್ಟು ದಿನವಾಯಿತು, ಜಿವಿಎಚ್‌ಡಿ ಇದೆಯಾ ಎಂಬುದರ ಮೇಲೆ ಹೋಗುತ್ತದೆ.

ರಕ್ತ ಕೊಡುವ ದಿನ, ರಕ್ತ ತೆಗೆಯುವವರೆಗೆ ಬೆಳಗಿನ ಮಾತ್ರೆ ನುಂಗುವ ಹಾಗಿಲ್ಲ. ರಾತ್ರಿಯ ಮಾತ್ರೆಯಾಗಿ ಹನ್ನೆರಡು ಗಂಟೆಗೆ, ಮುಂದಿನ ಮಾತ್ರೆಗೆ ಸ್ವಲ್ಪ ಮುಂಚೆ ರಕ್ತ ತೆಗೆಯಬೇಕು. ಸೈಕ್ಲೊಸ್ಪೊರಿನ್‌ಗೆ ಕೆಲವು ಕಡೆ ಮಾತ್ರೆ ನುಂಗಿ ಎರಡು ಗಂಟೆಗೆ ತೆಗೆಯುತ್ತಾರೆ, ನಿಮ್ಮಲ್ಲಿ ಯಾವ ಪದ್ಧತಿ ಎಂದು ಕೇಳಿಕೊಳ್ಳಿ.

ಒಂದು ದಿನ ಲ್ಯಾಬ್ ಸಾಲಿನಲ್ಲಿ ಕೂತಿದ್ದೇವೆ. ಟೋಕನ್ ನಮ್ಮದೇ ಬಂತು. ತಮ್ಮ ಎದ್ದವನು ಮತ್ತೆ ಕೂತ. "ಅಕ್ಕಾ, ಮಾತ್ರೆ ನುಂಗ್ಬಿಟ್ಟಿದ್ದೀನಿ ಕಣೇ." ಎಂಟು ಗಂಟೆಯ ಅಲಾರಂ ಹೊಡೆದಿದೆ, ಅಭ್ಯಾಸಬಲ, ಬಾಯಿಗೆ ಹಾಕಿಕೊಂಡಿದ್ದಾನೆ. ಬಂದಿದ್ದೇವಲ್ಲ, ಕೊಟ್ಟೇ ಹೋಗೋಣ ಎನ್ನಿಸಿತು. ರಕ್ತ ಕೊಟ್ಟೆವು, ವಿಷಯ ಹೇಳಲಿಲ್ಲ. ಮಧ್ಯಾಹ್ನ ಲೆವೆಲ್ ಮಾಮೂಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಬಂತು. ಸಂಜೆ ಫೋನ್, ಡೋಸ್ ಅರ್ಧ ಮಾಡಿ ಎಂದು. ಆಗ ನನ್ನ ಬಾಯಿಂದ ಹೊರಟಿತು ನಿಜ. ಆ ಕಡೆ ಒಂದು ಕ್ಷಣ ಮೌನ. "ನಾಳೆ ಖಾಲಿ ಹೊಟ್ಟೆ ಬೇಕಿಲ್ಲ, ಮಾತ್ರೆ ಮಾತ್ರ ನುಂಗದೆ ಬನ್ನಿ" ಅಂದರು. ಸುಳ್ಳು ಲೆವೆಲ್ ನಂಬಿ ಡೋಸ್ ಇಳಿಸಿದ್ದರೆ ಏನಾಗುತ್ತಿತ್ತೋ. ಅಂದಿನಿಂದ ರಕ್ತ ಕೊಡುವ ಹಿಂದಿನ ರಾತ್ರಿಯೇ ಬೆಳಗಿನ ಮಾತ್ರೆಯನ್ನು ಡಬ್ಬಿಯಿಂದ ತೆಗೆದು ನನ್ನ ಪರ್ಸ್‌ಗೆ ಹಾಕಿಕೊಳ್ಳುತ್ತಿದ್ದೆ. ಸೂಜಿ ಹೊರಬಂದ ಮೇಲೆ ಕೈಗೆ ಕೊಡುವುದು. ನೀವೂ ಹೀಗೇ ಮಾಡಿ. ಅಕಸ್ಮಾತ್ ನುಂಗಿದ್ದರೆ ಸುಮ್ನೆ ಹೇಳಿಬಿಡಿ, ಯಾರೂ ಬೈಯುವುದಿಲ್ಲ. ರಾತ್ರಿ ಮಾತ್ರೆ ಎಷ್ಟು ಗಂಟೆಗೆ, ರಕ್ತ ಎಷ್ಟು ಗಂಟೆಗೆ ಎಂದೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಈ ಮಾತ್ರೆಯ ಲೆವೆಲ್ ಅನ್ನು ಬೇರೆ ಔಷಧಿಗಳು ಕುಣಿಸುತ್ತವೆ. ಫಂಗಸ್‌ಗೆ ಕೊಡುವ ವೊರಿಕೊನಜೋಲ್, ಪೊಸಕೊನಜೋಲ್, ಫ್ಲೂಕೊನಜೋಲ್ ಲೆವೆಲ್ ಏರಿಸುತ್ತವೆ. ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್, ಬಿಪಿಗೆ ಕೊಡುವ ಡಿಲ್ಟಿಯಜೆಮ್ ಕೂಡ. ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇಳಿಸುತ್ತವೆ. ಜನ ಮರೆಯುವುದು ಇನ್ನೊಂದು ಮಗ್ಗುಲನ್ನು. ಫಂಗಸ್ ಮಾತ್ರೆ ನಿಲ್ಲಿಸಿದರೆ ಟ್ಯಾಕ್ರೊಲಿಮಸ್ ಲೆವೆಲ್ ಇಳಿಯುತ್ತದೆ. ಶುರು ಮಾಡಿದಾಗಲೂ ನಿಲ್ಲಿಸಿದಾಗಲೂ 'ಲೆವೆಲ್ ಯಾವತ್ತು ನೋಡಬೇಕು?' ಎಂದು ಕೇಳಿ. ಭೇದಿಯಾದರೆ ಲೆವೆಲ್ ಇಳಿಯುತ್ತದೆ ಎಂದುಕೊಳ್ಳುತ್ತೇವೆ ಅಲ್ವಾ? ಟ್ಯಾಕ್ರೊಲಿಮಸ್ ಬಹಳ ಸಲ ಏರುತ್ತದೆ. ಅದಕ್ಕೇ ಭೇದಿ ದಿನಗಳಲ್ಲಿ ಕಿಡ್ನಿಗೆ ಎರಡು ಕಡೆಯ ಹೊಡೆತ. ಹಣ್ಣುಗಳಲ್ಲಿ ಗ್ರೇಪ್‌ಫ್ರೂಟ್ ಮತ್ತು ಚಕ್ಕೋತ ಬೇಡವೇ ಬೇಡ, ರಸವೂ ಬೇಡ. ಅವು ಲೆವೆಲ್ ಏರಿಸುತ್ತವೆ.

ಕೈ ನಡುಗುವುದು, ಪೊಟ್ಯಾಶಿಯಂ ಏರುವುದು, ಮೆಗ್ನೀಶಿಯಂ ಇಳಿಯುವುದು ಈ ಮಾತ್ರೆಯ ಜೊತೆಗಾರರು. ಮೆಗ್ನೀಶಿಯಂ ಇಳಿದರೆ ಸ್ನಾಯು ಸೆಳೆತ. ಅದಕ್ಕೆ ಮಾತ್ರೆ ಕೊಡುತ್ತಾರೆ, ಆ ಮಾತ್ರೆಯಿಂದ ಭೇದಿ! ಅದು ಮಾತ್ರೆಯ ಭೇದಿಯೋ ಸೋಂಕಿನದೋ ಕರುಳಿನ ಜಿವಿಎಚ್‌ಡಿಯೋ ಎಂದು ತಲೆಕೆಡಿಸಿಕೊಳ್ಳುವ ಸರದಿ ಆಮೇಲೆ. ದಿನಕ್ಕೆ ಎಷ್ಟು ಸಲ, ಎಷ್ಟು ನೀರಾಗಿ ಎಂದು ಬರೆದಿಡುವುದು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಬ್ರ್ಯಾಂಡ್ ಬದಲಾಯಿತೇ ಎಂದು ಪ್ರತಿ ಸಲ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ದಿನಕ್ಕೊಮ್ಮೆಯ ಮಾತ್ರೆ ಮತ್ತು ದಿನಕ್ಕೆರಡು ಸಲದ ಮಾತ್ರೆ ಒಂದಕ್ಕೊಂದು ಬದಲಿ ಅಲ್ಲ. ಬದಲಾಗಿದ್ದರೆ ನುಂಗುವ ಮುಂಚೆ ಕೇಳಿ.

ಹೆಜ್ಜೆ 6: ಬೇರೆ ಮಾತ್ರೆ ಬಾಯಿಗೆ ಹಾಕುವ ಮುಂಚೆ

ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್. ಈ ನೋವಿನ ಮಾತ್ರೆಗಳು ಮನೆಯಲ್ಲಿ ಇರುವುದೇ ಬೇಡ. ಟ್ಯಾಕ್ರೊಲಿಮಸ್ ಕಿಡ್ನಿಗೆ ರಕ್ತ ಬರುವ ನಾಳ ಬಿಗಿಮಾಡಿದ ಮೇಲೆ, ಅದನ್ನು ತೆರೆದಿಡಲು ದೇಹ ಬಳಸುವ ಉಪಾಯವನ್ನೇ ಇವು ಕಿತ್ತುಕೊಳ್ಳುತ್ತವೆ. ಪ್ಯಾರಾಸಿಟಮಾಲ್ ಕಿಡ್ನಿಗೆ ಅಷ್ಟು ಕೆಟ್ಟದ್ದಲ್ಲ, ಆದರೆ ಜ್ವರವನ್ನು ಮುಚ್ಚಿಹಾಕುತ್ತದೆ. ಮೊದಲು ಥರ್ಮಾಮೀಟರ್, ಆಮೇಲೆ ಫೋನ್, ಕೊನೆಗೆ ಮಾತ್ರೆ.

'ಶಕ್ತಿ ಬರುತ್ತೆ, ಇಮ್ಯೂನಿಟಿ ಬರುತ್ತೆ' ಎಂದು ಬಂದವರೆಲ್ಲ ಒಂದೊಂದು ಪುಡಿ, ಕಷಾಯ, ಲೇಹ್ಯ ಹೇಳುತ್ತಾರೆ. ಪ್ರೀತಿಯಿಂದಲೇ. ನಾವು ಒಂದೊಂದು ಪೊಟ್ಟಣವನ್ನೂ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ, ಮೇಲಿನ ಶೆಲ್ಫಿಗೆ ಏರಿಸಿದೆವು. ಅವುಗಳಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಅರಿಸ್ಟೊಲೋಕಿಯಾ ಜಾತಿಯ ಗಿಡಗಳಲ್ಲಿರುವ ಆಮ್ಲ ಕಿಡ್ನಿಯನ್ನು ಶಾಶ್ವತವಾಗಿ ಹಾಳುಮಾಡಿದ ಪ್ರಕರಣಗಳು ದಾಖಲಾಗಿವೆ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಟ್ಯಾಕ್ರೊಲಿಮಸ್ ಲೆವೆಲ್ ಇಳಿಸುತ್ತದೆ.

ಸಿಟಿ ಸ್ಕ್ಯಾನ್‌ಗೆ ಕಳಿಸಿದರೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಚುಚ್ಚುವ ದ್ರವ) ಹಾಕುತ್ತಾರಾ ಎಂದು ಕೇಳಿ, ಇತ್ತೀಚಿನ ಕ್ರಿಯಾಟಿನಿನ್ ತೋರಿಸಿ. ಬೇಕಾದ ಸ್ಕ್ಯಾನ್ ಬೇಡ ಎನ್ನಬೇಡಿ. ಮೊದಲು ನೀರು ತುಂಬಿಸಿ ಮಾಡಬಹುದು.

ಒಂದು ಸಮಾಧಾನದ ಮಾತೂ ಇದೆ. ನ್ಯುಮೋನಿಯಾ ತಡೆಯಲು ಕೊಡುವ ಕೋ-ಟ್ರೈಮಾಕ್ಸಜೋಲ್ ಶುರುವಾದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಕೊಳವೆಯಿಂದ ಕ್ರಿಯಾಟಿನಿನ್ ಹೊರಹೋಗುವ ಒಂದು ದಾರಿಯನ್ನು ಅದು ಮುಚ್ಚುತ್ತದೆ, ಅಷ್ಟೇ. ಕಿಡ್ನಿಗೆ ನಿಜವಾದ ಪೆಟ್ಟು ಬಿದ್ದಿರಲೇಬೇಕು ಎಂದಿಲ್ಲ. ಪೊಟ್ಯಾಶಿಯಂ ಮಾತ್ರ ಅದೂ ಏರಿಸುತ್ತದೆ, ನೋಡುತ್ತಿರಬೇಕು.

ಊಟದ ಬಗ್ಗೆ ಎರಡೇ ಮಾತು. ಕಿಡ್ನಿ ಎಂದ ಕೂಡಲೇ ಪ್ರೋಟೀನ್ ನಿಲ್ಲಿಸುವವರಿದ್ದಾರೆ, ಹಾಗೆ ಮಾಡಬೇಡಿ, ಕರಗಿದ ಸ್ನಾಯು ಮತ್ತೆ ಕಟ್ಟಬೇಕು. ಉಪ್ಪು ಕಡಿಮೆ ಮಾಡಿ. ಆದರೆ 'ಲೋ ಸೋಡಿಯಂ' ಉಪ್ಪು ತರಬೇಡಿ, ಅದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಶಿಯಂ ಹಾಕಿರುತ್ತಾರೆ.

ಹೆಜ್ಜೆ 7: ವಾಂತಿ–ಭೇದಿಯ ದಿನಕ್ಕೆ ಮೊದಲೇ ತಯಾರಿ

ಚೆನ್ನಾಗಿರುವಾಗಲೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ದಿನಕ್ಕೆ ಎಷ್ಟು ಸಲ ಭೇದಿಯಾದರೆ ಫೋನ್ ಮಾಡಬೇಕು? ಅಂಥ ದಿನ ಬಿಪಿ ಮಾತ್ರೆ ನುಂಗಬೇಕಾ? ಮೂತ್ರ ಹೋಗಿಸುವ ಮಾತ್ರೆ? ಎನಾಲಪ್ರಿಲ್, ಲೊಸಾರ್ಟನ್ ಗುಂಪಿನ ಮಾತ್ರೆಗಳು ಮಾಮೂಲಿ ದಿನಗಳಲ್ಲಿ ಕಿಡ್ನಿಯನ್ನು ಕಾಯುತ್ತವೆ, ಮೈ ಒಣಗಿದ ದಿನ ಅವೇ ಭಾರ. ಕೆಲವನ್ನು ಒಂದೆರಡು ದಿನ ತಡೆಹಿಡಿಯಲು ಹೇಳುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಟ್ಯಾಕ್ರೊಲಿಮಸ್ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಬೇಕಾ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ರಾತ್ರಿ ಒಂದೂವರೆಗೆ ಈ ಪ್ರಶ್ನೆ ಹುಟ್ಟುತ್ತದೆ.

ಕೆಳಗಿನ ಯಾವುದಿದ್ದರೂ ಬೆಳಗಾಗುವವರೆಗೆ ಕಾಯಬೇಡಿ:

– ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್, ಅಥವಾ ಮೇಲೆ. ಇಲ್ಲವೇ ಚಳಿ ನಡುಕ
– ಕುಡಿದದ್ದೇನೂ ಹೊಟ್ಟೆಯಲ್ಲಿ ನಿಲ್ಲದಿರುವುದು
– ದೊಡ್ಡವರಲ್ಲಿ ಇಡೀ ದಿನಕ್ಕೆ ಮೂತ್ರ ಅರ್ಧ ಲೀಟರಿಗಿಂತ ಕಡಿಮೆ, ಅಥವಾ ಪೂರ್ತಿ ಕಟ್ಟಿಕೊಂಡಿರುವುದು
– ಮೂತ್ರದಲ್ಲಿ ರಕ್ತ, ಗಡ್ಡೆ
– ಉಸಿರಾಟ ಕಷ್ಟ, ಮಲಗಲು ಆಗದಿರುವುದು
– ಎದೆ ಬಡಿತ ತಾಳತಪ್ಪುವುದು, ಕೈಕಾಲು ಸೋಲುವುದು. ಪೊಟ್ಯಾಶಿಯಂ ಮಿತಿಮೀರಿದರೆ ಹೀಗಾಗುತ್ತದೆ

ಹೆಜ್ಜೆ 8: ವರ್ಷ ಕಳೆದ ಮೇಲೂ

ಟ್ಯಾಕ್ರೊಲಿಮಸ್ ನಿಂತ ದಿನ ನಮ್ಮ ಮನೆಯಲ್ಲಿ ಹಬ್ಬ. ನೋಟ್‌ಬುಕ್ ಎತ್ತಿಡೋಣ ಎನ್ನಿಸಿತು. ಬೆಳಗಿನ ತೂಕ, ನೀರಿನ ಬಾಟಲಿ ನಿಲ್ಲಿಸಬಹುದು ಎಂದು ವೈದ್ಯರೂ ಹೇಳಿದರು. ಬಿಪಿ ನಿಲ್ಲಿಸಲಿಲ್ಲ.

ಆರು ತಿಂಗಳಿಗೆ, ಒಂದು ವರ್ಷಕ್ಕೆ, ಆಮೇಲೆ ಪ್ರತಿ ವರ್ಷ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ನೋಡಿಸಬೇಕು, ಬಿಪಿ ಪ್ರತಿ ಭೇಟಿಯಲ್ಲೂ. ಮಾಮೂಲಿ ಮೂತ್ರಪರೀಕ್ಷೆ ಮಾಡಿಸಿ ಬಂದರೆ ಸಾಲದು. ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಎಂದು ಹೆಸರು ಹೇಳಿ ಕೇಳಿ. ಗ್ರಾಂಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ. 30ರಿಂದ 300ರ ನಡುವೆ ಸೋರಿಕೆ ಶುರುವಾಗಿದೆ. 300 ದಾಟಿದರೆ ಜಾಸ್ತಿಯಾಗಿದೆ. ಕ್ರಿಯಾಟಿನಿನ್ ಏರುವುದಕ್ಕೆ ಎಷ್ಟೋ ಮುಂಚೆ ಇದು ಎಚ್ಚರಿಸುತ್ತದೆ. ಜ್ವರ ಇದ್ದಾಗ, ಮುಟ್ಟಿನ ದಿನಗಳಲ್ಲಿ, ಜೋರು ವ್ಯಾಯಾಮದ ಮರುದಿನ ಕೊಟ್ಟರೆ ಸುಳ್ಳೇ ಏರಿರುತ್ತದೆ. ಒಮ್ಮೆ ಏರಿದರೆ ಇನ್ನೊಮ್ಮೆ ಬೆಳಗಿನ ಮೊದಲ ಮೂತ್ರ ಕೊಟ್ಟು ಖಚಿತ ಮಾಡಿಕೊಳ್ಳಿ.

ಇಜಿಎಫ್‌ಆರ್ 60ಕ್ಕಿಂತ ಕೆಳಗೇ ನಿಂತಿದೆ, ಪ್ರೋಟೀನ್ ಸೋರುತ್ತಿದೆ, ಬಿಪಿಗೆ ಮೂರು ಮಾತ್ರೆ ಬೇಕಾಗಿದೆ ಎಂದರೆ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ತಜ್ಞರ ಹತ್ತಿರ ಕಳಿಸಿ ಎಂದು ನೀವೇ ಕೇಳಿ. ಕಸಿ ವೈದ್ಯರಿಗೆ ಅದರಿಂದ ಬೇಜಾರಾಗುವುದಿಲ್ಲ. ಹಿಮೋಗ್ಲೋಬಿನ್ ಏರುತ್ತಲೇ ಇಲ್ಲ ಎಂದಾಗ ಎಲ್ಲರೂ ಮಜ್ಜೆಯನ್ನೇ ಅನುಮಾನಿಸುತ್ತಾರೆ. ಕೆಂಪುಕಣ ಹುಟ್ಟಿಸಲು ಮಜ್ಜೆಗೆ ಹೇಳಿಕಳಿಸುವ ಎರಿಥ್ರೊಪೊಯೆಟಿನ್ ತಯಾರಾಗುವುದು ಹೆಚ್ಚಾಗಿ ಕಿಡ್ನಿಯಲ್ಲಿ. ಆ ಕಡೆಯೂ ಒಮ್ಮೆ ನೋಡಲಿ.

ಮಜ್ಜೆ ಕಸಿಗೂ ಕಿಡ್ನಿ ಕಸಿಗೂ ಹಳೆಯ ನಂಟು. 1990ರ ವೈದ್ಯಕೀಯ ನೊಬೆಲ್ ಬಹುಮಾನವನ್ನು ಕಿಡ್ನಿ ಕಸಿಯ ಜೋಸೆಫ್ ಮರ್ರಿ ಮತ್ತು ಮಜ್ಜೆ ಕಸಿಯ ಡೊನಾಲ್ ಥಾಮಸ್ ಹಂಚಿಕೊಂಡರು. ಮಜ್ಜೆ ಕಸಿಯಾಗಿ ವರ್ಷಗಳ ಮೇಲೆ ಕಿಡ್ನಿ ಪೂರ್ತಿ ಕೈಕೊಟ್ಟ ಕೆಲವರಿಗೆ, ಮಜ್ಜೆ ಕೊಟ್ಟ ಅದೇ ದಾನಿಯ ಕಿಡ್ನಿ ಹಾಕಿದ್ದಾರೆ. ರೋಗನಿರೋಧಕ ಕಣಗಳು ಆಗಲೇ ದಾನಿಯವೇ ಆಗಿರುವುದರಿಂದ, ಆ ಕಿಡ್ನಿಯನ್ನು ಅವು ತಮ್ಮದೆಂದೇ ತಿಳಿಯುತ್ತವೆ. ಇಮ್ಯೂನ್ ತಗ್ಗಿಸುವ ಮಾತ್ರೆ ಬಹಳ ಕಡಿಮೆ ಸಾಕಾಗಿದೆ, ಕೆಲವರಿಗೆ ಬೇಕಾಗಿಯೇ ಇಲ್ಲ.

ಇದನ್ನು ಓದಿ ಹೇಳಿದಾಗ ತಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಾಗಾದ್ರೆ ನೀನೂ ಸ್ವಲ್ಪ ನೀರು ಕುಡಿ" ಅಂದ. ಈ ವರ್ಷ ಅವನ ಕ್ರಿಯಾಟಿನಿನ್ 0.8, ಅನುಪಾತ 22. ಬರೆದಿದ್ದೇನೆ, 0.6 ಇರುವ ಪುಟದ ಕೆಳಗೆ ಇನ್ನೂ ಜಾಗ ಇದೆ.